‘ಯಾರೇ ಕೂಗಾಡಲಿ’ ಅಣ್ಣಾವ್ರ ಮೊದಲ ಹಾಡಾ? ಅಲ್ಲ. ಇನ್ನೊಂದ್ಸಲ ಹೇಳ್ತೀನಿ, ಕೇಳಿ

ಪ್ರಶ್ನೆ: ಡಾ. ರಾಜ್‌ಕುಮಾರ್ ಸಿನಿಮಾದಲ್ಲಿ ಹಾಡಿದ ಮೊದಲ ಹಾಡು ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ ತಾನೇ? ನಮ್ಮ ಭಾವನ ಜೊತೆ ಪಂಥ ಕಟ್ಟಿದ್ದೇನೆ. ಸೋತವರು ಮನೆಮಂದಿಗೆಲ್ಲ ಮಸಾಲೆ ದೋಸೆ ಕೊಡಿಸಬೇಕು.

ಉತ್ತರ: ಅಲ್ಲ. ದೋಸೆ ನಿಮ್ಮ ಖರ್ಚು.

ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ವಾರ ಇದೇ ಪ್ರಶ್ನೆ ಬೇರೆ ಊರಿನಿಂದ, ಬೇರೆ ಕೈಬರಹದಲ್ಲಿ ಮತ್ತೆ ಬರುತ್ತದೆ ಅಂತ ಅನುಭವದಿಂದ ಗೊತ್ತು. ಏಪ್ರಿಲ್ ಬಂತೆಂದರೆ ಹತ್ತು ಕಾಗದ, ನವೆಂಬರಿನಲ್ಲಿ ರಾಜ್ಯೋತ್ಸವದ ಕ್ವಿಜ್ ನಡೆಸುವವರಿಂದ ಇನ್ನಷ್ಟು. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನಿರೂಪಕರಂತೂ ಮೈಕ್ ಹಿಡಿದು ‘ಅಣ್ಣಾವ್ರು ಹಾಡಿದ ಮೊಟ್ಟಮೊದಲ ಹಾಡು...’ ಎಂದು ಎಳೆಯುತ್ತಿದ್ದ ಹಾಗೇ ಡ್ರಮ್ ಶುರುವಾಗುತ್ತದೆ, ಹುಡುಗರು ಕುಣಿಯತೊಡಗುತ್ತಾರೆ. ಆ ಗದ್ದಲದಲ್ಲಿ ಎದ್ದು ನಿಂತು ‘ಸ್ವಾಮಿ, 1959’ ಅನ್ನುವ ಧೈರ್ಯ ನನಗೂ ಇಲ್ಲ. ಒಮ್ಮೆ ಅಂದಿದ್ದೆ. ಪಕ್ಕದವರು ಕೂತ್ಕೊಳ್ಳಿ ಅಂದರು. ಕೂತೆ.

ಈಗ ವಿಷಯಕ್ಕೆ ಬರೋಣ. 1959ರಲ್ಲಿ ‘ಮಹಿಷಾಸುರ ಮರ್ದಿನಿ’ ಬಂತು. ನಿರ್ದೇಶನ ಬಿ.ಎಸ್. ರಂಗಾ ಅವರದು, ಮಹಿಷಾಸುರ ನಮ್ಮ ರಾಜ್‌ಕುಮಾರ್. ಅದರಲ್ಲಿ ‘ತುಂಬಿತು ಮನವ’ ಎಂಬ ಯುಗಳಗೀತೆ ಇದೆ. ಹೆಣ್ಣು ದನಿ ಎಸ್. ಜಾನಕಿ ಅವರದು. ಅವರು ಆಗಿನ್ನೂ ಸಿನಿಮಾಕ್ಕೆ ಹಾಡಲು ಬಂದು ಎರಡು ವರ್ಷವಾಗಿತ್ತು. ಗಂಡು ದನಿ ಹಿನ್ನೆಲೆ ಗಾಯಕರಾದ ಪಿ.ಬಿ. ಶ್ರೀನಿವಾಸ್ ಅವರದೂ ಅಲ್ಲ, ಘಂಟಸಾಲ ಅವರದೂ ಅಲ್ಲ, ರಾಜ್‌ಕುಮಾರ್ ಅವರದೇ. ‘ಸಂಪತ್ತಿಗೆ ಸವಾಲ್’ ಬಂದದ್ದು 1974ರಲ್ಲಿ. ನಡುವೆ ಹದಿನೈದು ವರ್ಷ. ‘ತುಂಬಿತು ಮನವ’ ಹಾಡಿದಾಗ ಅವರಿಗೆ ಮೂವತ್ತು, ಎಮ್ಮೆ ಮೇಲೆ ಕೂತು ‘ಯಾರೇ ಕೂಗಾಡಲಿ’ ಹಾಡಿದಾಗ ನಲವತ್ತೈದು.

ಇಷ್ಟು ಹೇಳಿದ ಮೇಲೂ ವಾದ ಮಾಡುವವರು ಇದ್ದಾರೆ. ಅವರ ಮೊದಲ ಪಟ್ಟು: ‘ಅದು ಲೆಕ್ಕಕ್ಕಿಲ್ಲ ಸಾರ್, ಏನೋ ಒಂದೆರಡು ಸಾಲು ಗುನುಗಿರಬೇಕು.’ ಗುನುಗಿದ್ದಲ್ಲ. ಪಲ್ಲವಿ, ಚರಣ ಎಲ್ಲ ಇರುವ ಹಾಡು, ಜೊತೆಗೆ ಜಾನಕಿ. ಆ ಕಾಲದ ರೆಕಾರ್ಡಿಂಗ್ ಅಂದರೆ ಈಗಿನ ಹಾಗೆ ಸಾಲು ಸಾಲಾಗಿ ಹಾಡಿಸಿ ಕಂಪ್ಯೂಟರಿನಲ್ಲಿ ಹೊಲಿಯುವುದಲ್ಲ. ವಾದ್ಯದವರು, ಹಾಡುವವರು ಎಲ್ಲ ಒಟ್ಟಿಗೆ ನಿಂತು ಒಂದೇ ಉಸಿರಿಗೆ ಮುಗಿಸಬೇಕು. ತಬಲಾದವನು ಒಂದು ಪೆಟ್ಟು ತಪ್ಪಿದರೂ ಮತ್ತೆ ಮೊದಲಿಂದ. ಹಾಡು ಬಾರದವರನ್ನು ಅಲ್ಲಿ ನಿಲ್ಲಿಸಿ ಸ್ಟುಡಿಯೋ ಬಾಡಿಗೆ ಕಟ್ಟುವಷ್ಟು ದುಡ್ಡು ಆಗಿನ ಕನ್ನಡ ನಿರ್ಮಾಪಕರ ಹತ್ತಿರ ಇರಲಿಲ್ಲ.

ಎರಡನೆಯ ಪಟ್ಟು ಇನ್ನೂ ಗಟ್ಟಿ, ನನಗೆ ತಲೆನೋವು ತಂದಿರುವುದೂ ಅದೇ. ಕಥೆ ಹೀಗೆ: ‘ಸಂಪತ್ತಿಗೆ ಸವಾಲ್’ ಹೊತ್ತಿಗೆ ಪಿ.ಬಿ. ಶ್ರೀನಿವಾಸ್ ಹಾಡಲು ಬರಲಾಗಲಿಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ದಿಕ್ಕು ತೋಚದೆ ರಾಜ್ ಕಡೆ ತಿರುಗಿ ‘ನೀವೇ ಹಾಡಿಬಿಡಿ’ ಅಂದರು; ರಾಜ್ ಬೇಡ ಬೇಡ ಅಂದರು; ಕೊನೆಗೆ ಹಾಡಿದರು; ಹಾಡು ಬರುತ್ತದೆ ಅನ್ನುವುದು ಅವತ್ತು ಎಲ್ಲರಿಗೂ ಗೊತ್ತಾಯಿತು. ಇದನ್ನು ಹೇಳುವಾಗ ಜನ ಕಣ್ಣರಳಿಸುತ್ತಾರೆ. ಆಕಸ್ಮಿಕವಾಗಿ ಹುಟ್ಟಿದ ಗಾಯಕ ಅಂದರೆ ಯಾರಿಗೆ ಇಷ್ಟವಿಲ್ಲ! ಶ್ರೀನಿವಾಸ್ ಅವತ್ತು ಬರಲಾಗಲಿಲ್ಲ ಅನ್ನುವ ತನಕ ನನ್ನ ತಕರಾರಿಲ್ಲ. ತಕರಾರು ಆ ಕೊನೆಯ ಸಾಲಿನದು. ಯಾಕಂದರೆ ‘ಮಹಿಷಾಸುರ ಮರ್ದಿನಿ’ಗೆ ಸಂಗೀತ ಕೊಟ್ಟವರು ಯಾರು ಗೊತ್ತೇ? ಅದೇ ಜಿ.ಕೆ. ವೆಂಕಟೇಶ್. ಹದಿನೈದು ವರ್ಷದ ಹಿಂದೆ ತಮ್ಮದೇ ರಾಗ ಸಂಯೋಜನೆಗೆ ರಾಜ್ ಅವರಿಂದ ಹಾಡಿಸಿದ್ದವರು 1974ರಲ್ಲಿ ‘ಅರೆ, ಇವರಿಗೆ ಹಾಡೂ ಬರುತ್ತೆ!’ ಅಂತ ಬೆರಗಾಗುವುದು ಹೇಗೆ? ಹೆಂಡತಿಗೆ ಅಡುಗೆ ಬರುತ್ತದೆ ಅಂತ ಮದುವೆಯಾಗಿ ಹದಿನೈದು ವರ್ಷಕ್ಕೆ ಕಂಡುಹಿಡಿದ ಗಂಡನ ಹಾಗಾಯಿತು. ವೆಂಕಟೇಶ್ ಕತ್ತಲಲ್ಲಿ ಕಲ್ಲು ಹೊಡೆಯಲಿಲ್ಲ. ದನಿ ಯಾವುದು, ಎಲ್ಲಿಯವರೆಗೆ ಏರುತ್ತದೆ ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು.

ಅದಿರಲಿ. ಈ ‘ಆಕಸ್ಮಿಕ’ದ ಕಥೆ ನಂಬುವವರು ಮುತ್ತುರಾಜ (ರಾಜ್ ಅವರ ಹುಟ್ಟುಹೆಸರು) ಎಲ್ಲಿಂದ ಬಂದವರು ಅನ್ನುವುದನ್ನೇ ಮರೆತಿದ್ದಾರೆ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು. ಮಗ ಬೆಳೆದದ್ದು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ, ಸುಬ್ಬಯ್ಯ ನಾಯ್ಡು ಅವರ ಮಂಡಳಿಯಲ್ಲಿ. ಕಂಪನಿ ನಾಟಕ ನೋಡಿದ ಹಿರಿಯರು ಮನೆಯಲ್ಲಿದ್ದರೆ ಕೇಳಿ. ಅಲ್ಲಿ ಹಾಡಲು ಬಾರದವನಿಗೆ ಪಾತ್ರವಿಲ್ಲ. ರಾಜನೂ ಹಾಡಬೇಕು, ರಾಕ್ಷಸನೂ ಹಾಡಬೇಕು, ಸಾಯುವ ಮುಂಚೆ ಒಂದು ಕಂದಪದ್ಯ ಹಾಡಿ ಸಾಯಬೇಕು. ಜನ ಒನ್ಸ್‌ಮೋರ್ ಅಂದರೆ ಸತ್ತವನು ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕು. ಹಾರ್ಮೋನಿಯಂ ಮಾಸ್ತರು ಯಾವ ಶ್ರುತಿ ಹಿಡಿದರೋ ಅದೇ ಶ್ರುತಿ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತ ನಾಲ್ಕಾಣೆ ಟಿಕೆಟ್ಟಿನವನಿಗೂ ಅಕ್ಷರ ಅಕ್ಷರ ಕೇಳಿಸಬೇಕು. ಹೀಗೆ ಹುಡುಗತನದಿಂದ ಹಾಡಿ ಅನ್ನ ತಿಂದವರ ಗಾಯನಕ್ಕೆ ‘ಇನ್ನೊಬ್ಬರು ಬಾರದ ದಿನದ ಅದೃಷ್ಟ’ ಅಂತ ಹೆಸರಿಡುವುದು ನನಗಂತೂ ಸರಿ ಕಾಣುವುದಿಲ್ಲ. ‘ಯಾರೇ ಕೂಗಾಡಲಿ’ಯನ್ನು ಇನ್ನೊಮ್ಮೆ ಕೇಳಿ ನೋಡಿ. ಆ ಬಿಡುಬೀಸು, ಪದಗಳನ್ನು ಎದುರಿಗಿದ್ದವನ ಮುಖಕ್ಕೆ ಎಸೆದ ಹಾಗೆ ಹೇಳುವ ರೀತಿ ಸ್ಟುಡಿಯೋದಲ್ಲಿ ಕಲಿಯುವಂಥದ್ದಲ್ಲ. ಅಂದ ಹಾಗೆ ‘ಸಂಪತ್ತಿಗೆ ಸವಾಲ್’ ಕೂಡ ಮೂಲದಲ್ಲಿ ವೃತ್ತಿರಂಗಭೂಮಿಯ ನಾಟಕವೇ, ಪಿ.ಬಿ. ಧುತ್ತರಗಿಯವರದು. ರಂಗದಿಂದ ಬಂದ ಕಥೆಗೆ ರಂಗದ ಗಂಟಲು ಸಿಕ್ಕಿತು.

ಹಾಗಾದರೆ 1959ರಲ್ಲಿ ಹಾಡಿದವರು ಮುಂದೆ ಯಾಕೆ ಸುಮ್ಮನಾದರು? ಇದು ನ್ಯಾಯವಾದ ಪ್ರಶ್ನೆ. 1960ರಲ್ಲಿ ‘ಭಕ್ತ ಕನಕದಾಸ’ ಬಂತು. ‘ಬಾಗಿಲನು ತೆರೆದು’ ಎಂದು ಪಿ.ಬಿ. ಶ್ರೀನಿವಾಸ್ ಹಾಡಿದರು, ಪರದೆಯ ಮೇಲೆ ರಾಜ್ ಕೈಮುಗಿದು ನಿಂತರು, ಎರಡೂ ಒಂದೇ ಅಂತ ಜನ ನಂಬಿದರು. ಅದೇ ವರ್ಷ ‘ರಾಣಿ ಹೊನ್ನಮ್ಮ’ದಲ್ಲಿ ‘ಹಾರುತ ದೂರ ದೂರ’ವೂ ಬಂತು. ಅಷ್ಟು ಚೆನ್ನಾಗಿ ಕೂಡಿಕೊಂಡ ಜೋಡಿಯನ್ನು ಯಾವ ನಿರ್ಮಾಪಕ ಬಿಡಿಸುತ್ತಾನೆ? ಅದಕ್ಕೂ ಮುಂಚೆ ಘಂಟಸಾಲ ಹಾಡಿದ್ದುಂಟು, ‘ಓಹಿಲೇಶ್ವರ’ದ ‘ಈ ದೇಹದಿಂದ ದೂರನಾದೆ’ ನೆನಪಿಸಿಕೊಳ್ಳಿ. ಆದರೆ ಶ್ರೀನಿವಾಸ್ ಅವರ ದನಿ ರಾಜ್ ಮುಖಕ್ಕೆ ಅಂಟಿಕೊಂಡ ಹಾಗೆ ಬೇರೆ ಯಾವುದೂ ಅಂಟಲಿಲ್ಲ. ಜೊತೆಗೆ ಕೆಲಸದ ಒತ್ತಡ. ಅರವತ್ತರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಹತ್ತಕ್ಕೂ ಹೆಚ್ಚು ಚಿತ್ರ. 1973ರ ‘ಗಂಧದ ಗುಡಿ’ಗೆ ನೂರೈವತ್ತು ತುಂಬಿತು. ಬಣ್ಣ ಹಚ್ಚುವುದರಲ್ಲೇ ಹೊತ್ತು ಹೋಗುವಾಗ ರೆಕಾರ್ಡಿಂಗಿಗೆ ಕೂರಲು ಪುರುಸೊತ್ತೆಲ್ಲಿ?

ಶ್ರೀನಿವಾಸ್ ಕಾಕಿನಾಡದವರು, ಮನೆಮಾತು ತೆಲುಗು. ಅವರ ಕನ್ನಡದಲ್ಲಿ ಆ ಗುರುತು ಹುಡುಕಿದರೂ ಸಿಗುವುದಿಲ್ಲ. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು, ಕಾಫಿ ಕುಡಿಯುತ್ತ ಕವಿತೆ ಬರೆಯುತ್ತಿದ್ದ ಮನುಷ್ಯ. ಅವರ ಬಗ್ಗೆಯೇ ಒಂದು ಪೂರ್ತಿ ಉತ್ತರ ಬರೆಯಬೇಕು. ಯಾರೂ ಕೇಳುತ್ತಿಲ್ಲ.

ದನಿ ಗುರುತಿಸುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಅರವತ್ತರ ದಶಕದ ಹಾಡು ಹಾಕಿ ‘ಅಣ್ಣಾವ್ರ ವಾಯ್ಸ್ ನೋಡಿ’ ಅನ್ನುವವರು ಈಗಲೂ ಬೇಕಾದಷ್ಟಿದ್ದಾರೆ. ಶ್ರೀನಿವಾಸ್ ಸಾಲಿನ ಕೊನೆಯಲ್ಲಿ ದನಿಯನ್ನು ಮೆಲ್ಲಗೆ ಕೆಳಗಿಡುತ್ತಾರೆ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ. ರಾಜ್ ಒತ್ತಕ್ಷರವನ್ನು ಕಚ್ಚಿ ಬಿಡುತ್ತಾರೆ, ಹಾಡಿನ ನಡುವೆ ಸಂಭಾಷಣೆ ಇಣುಕುತ್ತದೆ. ಇಬ್ಬರನ್ನೂ ಪಕ್ಕಪಕ್ಕದಲ್ಲಿ ಕೇಳಬೇಕೆಂದರೆ 1977ರ ‘ಬಭ್ರುವಾಹನ’ದ ‘ಯಾರು ತಿಳಿಯರು ನಿನ್ನ’ ಹಾಕಿ. ಪರದೆಯ ಮೇಲೆ ಅಪ್ಪ ಅರ್ಜುನನೂ ರಾಜ್, ಮಗ ಬಭ್ರುವಾಹನನೂ ರಾಜ್. ಬೈದಾಡುವ ದನಿಗಳಲ್ಲಿ ಒಂದು ರಾಜ್ ಅವರದು, ಇನ್ನೊಂದು ಶ್ರೀನಿವಾಸ್ ಅವರದು. ಒಂದೇ ಮುಖ ಎರಡು ಗಂಟಲಲ್ಲಿ ಜಗಳವಾಡುತ್ತದೆ. ಸಂಗೀತ ಟಿ.ಜಿ. ಲಿಂಗಪ್ಪನವರದು. ‘1974ರ ನಂತರ ಶ್ರೀನಿವಾಸ್ ಅವರನ್ನು ಕೈಬಿಟ್ಟರು’ ಅನ್ನುವ ಇನ್ನೊಂದು ಸುಳ್ಳಿಗೂ ಈ ಹಾಡೇ ಉತ್ತರ. ಅದಕ್ಕೆ ಪ್ರತ್ಯೇಕ ಕಾಗದ ಬರೆಯಬೇಡಿ.

ಈ ‘ಮೊದಲ’ ಅನ್ನುವ ಪದವೇ ಕಿತಾಪತಿ ಮಾಡುವಂಥದ್ದು. ‘ಬೇಡರ ಕಣ್ಣಪ್ಪ’ ಮೊದಲ ಚಿತ್ರ ಅನ್ನುತ್ತೀರಲ್ಲ, ಅದೂ ಪೂರ್ತಿ ಸರಿಯಲ್ಲ. ನಾಯಕನಾಗಿ ಮೊದಲ ಚಿತ್ರ ಅದು, 1954ರದ್ದು. ಅದಕ್ಕೆ ಎರಡು ವರ್ಷ ಮುಂಚೆ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಬಂದು ಹೋಗಿದ್ದಾರೆ. ಗಡ್ಡದ ಮರೆಯಲ್ಲಿದ್ದಾರೆ, ಹುಡುಕಿ ನೋಡಿ. ಹಾಡಿನ ವಿಷಯವೂ ಇದೇ ಥರ. ‘ಯಾರೇ ಕೂಗಾಡಲಿ’ಯಿಂದ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡುವ ರೂಢಿ ಶುರುವಾಯಿತು ಅಂದರೆ ಒಪ್ಪುತ್ತೇನೆ, ಕೈಕುಲುಕುತ್ತೇನೆ. ನಿಮ್ಮ ಕ್ವಿಜ್ ಪತ್ರಿಕೆಯಲ್ಲಿ ಹಾಗೆ ಬರೆಯಿರಿ, ಯಾರೂ ಜಗಳಕ್ಕೆ ಬರುವುದಿಲ್ಲ. ‘ಮೊಟ್ಟಮೊದಲು’ ಅಂತ ಬರೆದಿರೋ, ಹಿಂದಿನ ಸಾಲಿನಲ್ಲಿ ನನ್ನಂಥವನೊಬ್ಬ ಕೂತಿರುತ್ತಾನೆ.

ಆ ರೂಢಿ ಎಲ್ಲಿಗೆ ಮುಟ್ಟಿತು ನೋಡಿ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ‘ಇಫ್ ಯು ಕಮ್ ಟುಡೇ’ ಅಂತ ಇಂಗ್ಲಿಷಿನಲ್ಲೇ ಹಾಡಿಬಿಟ್ಟರು, ಆಗಲೂ ಸಂಗೀತ ಜಿ.ಕೆ. ವೆಂಕಟೇಶ್. 1992ರ ‘ಜೀವನ ಚೈತ್ರ’ದ ‘ನಾದಮಯ ಈ ಲೋಕವೆಲ್ಲಾ’ಕ್ಕೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಉಪೇಂದ್ರ ಕುಮಾರ್ ತೋಡಿ ರಾಗದಲ್ಲಿ ಕೂರಿಸಿದ ಹಾಡು. ಅರವತ್ತು ದಾಟಿದವರು ಹಾಡಿದ್ದು ಅದು. ಇಲ್ಲೂ ಒಂದು ತಪ್ಪು ತಿದ್ದಿಬಿಡುತ್ತೇನೆ: ರಾಜ್ ಅವರಿಗೆ ನಟನೆಗೆ ರಾಷ್ಟ್ರಪ್ರಶಸ್ತಿ ಬಂದಿದೆ ಅಂತ ಅನೇಕರು ಅಂದುಕೊಂಡಿದ್ದಾರೆ. ಇನ್ನೂರು ದಾಟಿದ ಚಿತ್ರಗಳಲ್ಲಿ ನಟಿಸಿದವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬರಲೇ ಇಲ್ಲ. ಫಾಲ್ಕೆ ಪ್ರಶಸ್ತಿ ಬಂತು, ಅದು ಬೇರೆ. ದಿಲ್ಲಿಯವರು ನಟನನ್ನು ಬಿಟ್ಟು ಗಾಯಕನಿಗೆ ಕೊಟ್ಟರು.

ಕಾಗದದಲ್ಲಿ ಇಲ್ಲದ ಇನ್ನೊಂದು ಪ್ರಶ್ನೆಗೂ ಉತ್ತರ ಕೊಟ್ಟೇ ಏಳುತ್ತೇನೆ. ರಾಜ್‌ಗೆ ಬೇರೆಯವರು ಹಾಡಿದ್ದಾಯಿತು. ರಾಜ್ ಬೇರೆ ನಟರಿಗೆ ಹಾಡಿದ್ದಾರಾ? ಹಾಡಿದ್ದಾರೆ, ಅದೂ ಯಾರಿಗೆ! 1993ರ ‘ಮುದ್ದಿನ ಮಾವ’ದಲ್ಲಿ ಮಾವನ ಪಾತ್ರ ಮಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅದರಲ್ಲಿ ‘ದೀಪಾವಳಿ ದೀಪಾವಳಿ’ ಅಂತ ಮಾವ ಅಳಿಯ ಸೇರಿ ಹಾಡುತ್ತಾರೆ. ಅಳಿಯ ಶಶಿಕುಮಾರ್‌ಗೆ ದನಿ ಕೊಟ್ಟವರು ಎಸ್‌ಪಿಬಿ. ಆಗ ಎಸ್‌ಪಿಬಿ ಮುಖಕ್ಕೆ ದನಿ ಯಾರದು? ರಾಜ್‌ಕುಮಾರ್ ಅವರದು. ಸಾವಿರಾರು ಹಾಡು ಹಾಡಿದ ಗಾಯಕ ಪರದೆಯ ಮೇಲೆ ಬರೀ ತುಟಿ ಅಲ್ಲಾಡಿಸುತ್ತಾರೆ, ನಟಸಾರ್ವಭೌಮ ಹಿನ್ನೆಲೆಯಲ್ಲಿ ನಿಂತು ಹಾಡುತ್ತಾರೆ. ನಿಮ್ಮ ಭಾವನ ಹತ್ತಿರ ಮುಂದಿನ ಪಂಥ ಇದರ ಮೇಲೆ ಕಟ್ಟಿ. ಈಗ ಸೋತ ದೋಸೆಯ ದುಡ್ಡು ವಾಪಸು ಬರುತ್ತದೆ.