ಇಷ್ಟು ಹೊಲಸು ಸಿನಿಮಾವನ್ನು ಜನ ಇನ್ನೂ ಯಾಕೆ ಹೊತ್ತು ಮೆರೆಸುತ್ತಾರೆ?

ಪ್ರಶ್ನೆ: ‘ಪಿಂಕ್ ಫ್ಲೆಮಿಂಗೋಸ್’ ಅರ್ಧ ನೋಡಿ ನಿಲ್ಲಿಸಿಬಿಟ್ಟೆ. ವಾಕರಿಕೆ ಬಂತು. ಇದರಲ್ಲಿ ಜನ ಮೆಚ್ಚುವಂಥದ್ದು ಏನಿದೆ?

ಉತ್ತರ: ವಾಕರಿಕೆ ಬರಲಿ ಅಂತಲೇ ಜಾನ್ ವಾಟರ್ಸ್ ಇದನ್ನು ತೆಗೆದದ್ದು. ವರ್ಷ 1972, ಊರು ಅಮೆರಿಕದ ಬಾಲ್ಟಿಮೋರ್. ಕೈಯಲ್ಲಿದ್ದದ್ದು ಹತ್ತು ಹನ್ನೆರಡು ಸಾವಿರ ಡಾಲರ್, ಜೊತೆಗಿದ್ದದ್ದು ಗೆಳೆಯರ ಗುಂಪು. ಜಗತ್ತಿನಲ್ಲೇ ಅತಿ ಹೊಲಸು ಮನುಷ್ಯ ಯಾರು ಅನ್ನುವ ಪೈಪೋಟಿಯೇ ಕಥೆ. ಆ ಬಿರುದು ಇರುವುದು ಡಿವೈನ್ ಅನ್ನುವ ಪಾತ್ರದ ಹತ್ತಿರ. ಅದನ್ನು ಮಾಡಿದ್ದು ಅದೇ ಹೆಸರಿನ, ಹೆಣ್ಣು ವೇಷ ಹಾಕುವ ನಟ.

ಈ ಡಿವೈನ್ ಅವರನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಿಜ ಹೆಸರು ಹ್ಯಾರಿಸ್ ಗ್ಲೆನ್ ಮಿಲ್‌ಸ್ಟೆಡ್. ದಪ್ಪ ಮೈ, ಹೆಣ್ಣಿಗ ಅಂತ ಶಾಲೆಯಲ್ಲಿ ಹೊಡೆತ ತಿಂದವರು. ಕಣ್ಣಿನ ಬಣ್ಣಕ್ಕೆ ಹಣೆಯಲ್ಲಿ ಜಾಗ ಸಾಲದೆ, ಮೇಕಪ್ ಮಾಡುತ್ತಿದ್ದ ವ್ಯಾನ್ ಸ್ಮಿತ್, ಡಿವೈನ್ ಅವರ ಮುಂದಲೆಯನ್ನೇ ಹಿಂದಕ್ಕೆ ಬೋಳಿಸಿದರು. ಹುಬ್ಬುಗಳು ನೆತ್ತಿಯತ್ತ ಹಾರುತ್ತವೆ. ಒಂದು ದೃಶ್ಯದಲ್ಲಿ ಡಿವೈನ್ ಇದೇ ವೇಷದಲ್ಲಿ ಪೇಟೆ ಬೀದಿಯಲ್ಲಿ ನಡೆದು ಹೋಗುತ್ತಾರೆ. ತಿರುತಿರುಗಿ ನೋಡುವವರು ನಟರಲ್ಲ, ನಿಜವಾದ ದಾರಿಹೋಕರು. ಎಷ್ಟು ಕಣ್ಣು ಬಿದ್ದರೂ ಡಿವೈನ್ ಅವರ ನಡಿಗೆಯ ಗತ್ತು ಒಂದಿಷ್ಟೂ ಇಳಿಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಸಿನಿಮಾದ ಜೀವ ಇರುವುದು ಇಲ್ಲೇ.

ಆಗಿನ ಸಿನಿಮಾಗಳಲ್ಲಿ ಕ್ವೀರ್ (ಸಲಿಂಗಿ, ಇಲ್ಲವೇ ಗಂಡು-ಹೆಣ್ಣಿನ ಚೌಕಟ್ಟಿಗೆ ಹೊಂದದ) ಪಾತ್ರ ಅಂದರೆ ಹೆಚ್ಚಾಗಿ ಅಳಬೇಕು, ಸಾಯಬೇಕು, ಇಲ್ಲವೇ ನಗೆಪಾಟಲಾಗಬೇಕು. ಡಿವೈನ್ ಇದ್ಯಾವುದನ್ನೂ ಮಾಡುವುದಿಲ್ಲ. ‘ನಾವೂ ಒಳ್ಳೆಯವರೇ, ನಮ್ಮನ್ನು ಒಪ್ಪಿಕೊಳ್ಳಿ’ ಅಂತ ಯಾರನ್ನೂ ಬೇಡುವುದಿಲ್ಲ. ಜನ ಹೊಲಸು ಅಂತ ಬೈದರೆ ಅದನ್ನೇ ಕಿರೀಟ ಮಾಡಿಕೊಂಡು ಕೂರುತ್ತಾರೆ. ಹುಟ್ಟಿನಿಂದ ನಾಚಿಕೆಯನ್ನೇ ಕಲಿತವರಿಗೆ ಇದನ್ನು ನೋಡಿದರೆ ಎದೆ ಹಗುರಾಗುತ್ತದೆ, ಅಲ್ವಾ? ಅದೂ ಒಬ್ಬರೇ ಕೂತಲ್ಲ. ನ್ಯೂಯಾರ್ಕಿನ ಎಲ್ಜಿನ್ ಥಿಯೇಟರಿನಲ್ಲಿ ಮಧ್ಯರಾತ್ರಿ ಆಟಗಳಿಗೆ ಜನ ಮತ್ತೆ ಮತ್ತೆ ಬಂದರು. ತಮ್ಮಂಥವರು ಇಷ್ಟೊಂದು ಜನ ಇದ್ದಾರೆ ಅಂತ ಎಷ್ಟೋ ಜನರಿಗೆ ಕಂಡದ್ದು ಅಂಥ ಕತ್ತಲ ಹಾಲ್‌ಗಳಲ್ಲೇ. 2021ರಲ್ಲಿ ಕಾಪಾಡಿ ಇಡಬೇಕಾದ ಸಿನಿಮಾಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೂ ಇದು ಸೇರಿತು.

ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಚಿತ್ರೀಕರಣದಲ್ಲಿ ನಿಜವಾದ ಕೋಳಿ ಸತ್ತಿದೆ. ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ನೀವು ವಾಟರ್ಸ್ ಅವರ 1988ರ ‘ಹೇರ್‌ಸ್ಪ್ರೇ’ಯಿಂದ ಶುರು ಮಾಡಿ. ಕರಿಯರನ್ನು ಹೊರಗಿಟ್ಟ ಟೀವಿ ಡ್ಯಾನ್ಸ್ ಕಾರ್ಯಕ್ರಮದ ವಿರುದ್ಧ ಒಬ್ಬ ದಪ್ಪ ಹುಡುಗಿ ನಿಲ್ಲುವ ಕಥೆ. ಬೇರೆಯವರ ಬಟ್ಟೆ ಇಸ್ತ್ರಿ ಮಾಡುವ ಅವಳ ಅಮ್ಮನಾಗಿ ಡಿವೈನ್ ಇದ್ದಾರೆ. ಮನೆಮಂದಿಯೆಲ್ಲ ಕೂತು ನೋಡಬಹುದು.