ಬ್ಯಾರೆಯವರ ಹಾಡು ಬ್ಯಾರೆ ಧಾಟ್ಯಾಗ ಬಾರಿಸಿದ್ರ ನಕಲ್ ಏನು?

ಕಲಬುರಗ್ಯಾಗ ಕಾಲೇಜ್ ಓದೋ ಹುಡುಗ ಒಬ್ಬಾಂವ ಕೇಳ್ಯಾನ: "ಅಣ್ಣಾ, ಈ ಟ್ರಿಬ್ಯೂಟ್ ಬ್ಯಾಂಡ್‌ನವ್ರು (ಹೆಸರಾದ ಒಂದು ಬ್ಯಾಂಡಿನ ಹಾಡೇ ಬಾರಿಸೋ ತಂಡ) ಇನ್ನೊಬ್ರ ಹಾಡಿನ ಅವತಾರಾನೇ ಬದಲಿ ಮಾಡಿ ಬಾರಿಸ್ತಾರಲ್ಲ, ಇದು ನಕಲ್ ಅಲ್ಲೇನು? ನಾವೂ ಸಿನಿಮಾ ಹಾಡು ಹಲಗಿ ಮ್ಯಾಲೆ ಮಾಡ್ಬೇಕಂತೀವಿ."

ನಕಲ್ ಅಲ್ಲ ತಮ್ಮಾ. ಇದ್ದದ್ದು ಇದ್ದಂಗ ಬಾರಿಸೋ ಬ್ಯಾಂಡ್ ಬ್ಯಾರೆ, ನೀ ಕೇಳೋದು ಬ್ಯಾರೆ. ಕ್ಯಾಲಿಫೋರ್ನಿಯಾದ ಡ್ರೆಡ್ ಜೆಪ್ಪೆಲಿನ್ ನೋಡು, ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್ ಹಾಡನ್ನ ಜಮೈಕಾದ ರೆಗ್ಗೇ ತಾಳಕ್ಕ ತಂದ್ರು, ಅದನ್ನ ಹಾಡಾಂವ ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ವೇಷದಾಗ, ಎಲ್ವಿಸ್ ದನಿಯಾಗ! 1990ರಾಗ ಮೊದಲ್ನೇ ಆಲ್ಬಂ ಬಂತು. ವೇಷ ನೋಡಿ ನಗು ಬರ್ತದ ಖರೆ, ಆದ್ರ ಕಿವಿಗೊಟ್ಟು ಕೇಳು, ಮೂಲದಾಗ ಗಿಟಾರ್ ಗುದ್ದಿದಂಗ ಬೀಳ್ತದ, ಇಲ್ಲಿ ಎರಡು ಘಾತದ ನಡುವಿನ ಖಾಲಿ ಜಾಗಾದಾಗ ಚಕ್ ಚಕ್ ಅಂತದ, ಅಷ್ಟಕ್ಕೇ ಸಿಟ್ಟಿನ ಹಾಡು ತೂಗಾಡೋ ಹಾಡು ಆಗ್ತದ. ಫಿನ್ಲೆಂಡಿನ ಅಪೋಕಲಿಪ್ಟಿಕಾ ಇನ್ನೂ ಮುಂದ ಹೋತು, 1996ರಾಗ ನಾಕು ಮಂದಿ ಬರೇ ಚೆಲ್ಲೋ ಹಿಡಕೊಂಡು ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಹಾಡು ಬಾರಿಸಿದ್ರು, ಚೆಲ್ಲೋ ಅಂದ್ರ ಕುರ್ಚಿ ಮ್ಯಾಲೆ ಕುಂತು ಮೊಣಕಾಲ ನಡುವ ಇಟ್ಕೊಂಡು ಬಾರಿಸೋ ದೊಡ್ಡ ಪಿಟೀಲು. ಡ್ರಮ್ಸೂ ಇಲ್ಲ ಹಾಡೋರೂ ಇಲ್ಲ, ಕಮಾನೇ ಎಲ್ಲಾ ಹಾಡ್ತದ.

ಇದು ನಮಗೇನು ಹೊಸದಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಒಂದೂರಾಗ ಏಕತಾರಿ ಮ್ಯಾಲೆ ಸಾವಕಾಶ ಹಾಡಿದ್ರ, ಇನ್ನೊಂದೂರಾಗ ಹಾರ್ಮೋನಿಯಂ, ದಮ್ಮಡಿ ಇಟ್ಟು ಎತ್ತಿ ಹಾಡ್ತಾರ. ಆಳಂದ ಕಡೆ ನಮ್ಮ ಸ್ವಾದರಮಾವನ ಊರಾಗ ಶ್ರಾವಣದ ಭಜನ್ಯಾಗ ಹುಡುಗೂರು ಸಿನಿಮಾ ಧಾಟಿ ಹಚ್ಚಿದ್ರು, ಎರಡು ಸಾಲು ಆಗೂದ್ರಾಗ ಅಜ್ಜ ಒಬ್ಬರು ಹಾರ್ಮೋನಿಯಂ ತಿದಿ ಮ್ಯಾಲೆ ಕೈ ಇಟ್ಟು, "ಧಾಟಿ ಯಾವ್ದರೆ ಹಚ್ರಿ, ಪದ ನುಂಗಬ್ಯಾಡ್ರಿ" ಅಂದ್ರು. ಹುಡುಗೂರು ಅದೇ ಧಾಟಿ ಸ್ವಲ್ಪ ಎಳೆದು ಮತ್ತ ಹಾಡಿದ್ರು, ಈ ಸಲ ಅಜ್ಜನೂ ತಾಳ ಹಿಡದ್ರು. ನಾ ಈಗ್ಲೂ ಯಾವ ಬ್ಯಾಂಡ್ ಕೇಳಿದ್ರೂ ಆ ಮಾತಿಟ್ಟೇ ತೂಗಿ ನೋಡ್ತೀನಿ.

ಇನ್ನ ಕಾನೂನಿಂದು. ಮಾಲಕರ ಒಪ್ಪಿಗಿ ಇಲ್ಲದ ಬರೇ ರಾಯಲ್ಟಿ ಕಟ್ಟಿ ಕವರ್ (ಇನ್ನೊಬ್ರ ಹಾಡು ನಾವು ಮತ್ತ ಹಾಡೋದು) ರೆಕಾರ್ಡ್ ಮಾಡ್ಬೇಕಂದ್ರ ನಮ್ಮ ಕಾಪಿರೈಟ್ ಕಾಯ್ದಿ 31ಸಿ ಕಲಂ ಪ್ರಕಾರ ಮೂಲ ರೆಕಾರ್ಡಿಂಗ್ ಬಂದ ವರ್ಷ ಮುಗಿದು 5 ವರ್ಷ ಆಗಿರ್ಬೇಕು, ಆಗೂ ತಾಂತ್ರಿಕವಾಗಿ ಬೇಕಾದಷ್ಟು ಬಿಟ್ಟು ಹಾಡು ಬದಲಿ ಮಾಡಂಗಿಲ್ಲ. ಅಂದ್ರ ನೀವು ಹಲಗಿ ಮ್ಯಾಲೆ ಪೂರ್ತಿ ಹೊಸದು ಮಾಡಿ ರಿಲೀಸ್ ಮಾಡೋದಿದ್ರ ಮೊದಲು ಹಾಡಿನ ಹಕ್ಕಿದ್ದವರನ್ನ ಕೇಳಿ ಬರವಣಿಗ್ಯಾಗ ಒಪ್ಪಿಗಿ ತಗೋರಿ. ಮದುವಿ ಮೆರವಣಿಗ್ಯಾಗ ಬಾರಿಸೋದಕ್ಕ ಮಾತ್ರ 52ನೇ ಕಲಮಿನಾಗೇ ವಿನಾಯಿತಿ ಅದ, ಅಲ್ಲಿಂದ ಶುರು ಮಾಡ್ರಿ.