ಉಪ್ಪುನೀರಿನಲ್ಲಿ ಹೆಸರುಕಾಳು: ಕಾಳು ಎಣಿಸಬೇಕೋ, ಬಟ್ಟಲು ಎಣಿಸಬೇಕೋ?

ವಿಜ್ಞಾನ ಮೇಳಕ್ಕೆ ದಯವಿಟ್ಟು ಥರ್ಮಾಕೋಲಿನ ಜ್ವಾಲಾಮುಖಿ ಬೇಡ. ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದರೆ ನೊರೆ ಉಕ್ಕುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಹುಡುಕಬೇಕಾದ ಉತ್ತರವೇ ಇಲ್ಲ. ನಾನು ಹಿಡಿದ ಪ್ರಶ್ನೆ ಇದು: ನೀರಿನಲ್ಲಿ ಉಪ್ಪು ಎಷ್ಟಾದರೆ ಹೆಸರುಕಾಳು ಮೊಳೆಯುವುದು ಕುಗ್ಗುತ್ತದೆ? ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವುಳು (ಮಣ್ಣಿಗೆ ಉಪ್ಪು) ಹತ್ತಿದ ಹೊಲಗಳಿವೆ, ಅಘನಾಶಿನಿ ಅಳಿವೆಯಲ್ಲಿ ಸಮುದ್ರದ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತವಿದೆ. ಹಿನ್ನೆಲೆಗೆ ಇಷ್ಟು ಸಾಕು.

ಯೋಜನೆ

ಬದಲಾಗುವುದು ಉಪ್ಪು ಮಾತ್ರ. ಅಳೆಯುವುದು ಮೂರನೆಯ ದಿನ ಎಷ್ಟು ಕಾಳು ಮೊಳೆತಿವೆ ಎಂಬುದನ್ನು. ಕಾಳಿನ ಚೀಲ, ನೀರಿನ ಅಳತೆ, ಹಾಸಿದ ಬಟ್ಟೆ ಎಲ್ಲವೂ ಒಂದೇ. ಬೇರು 2 ಮಿಲಿಮೀಟರ್ ಹೊರಬಂದಿದ್ದರೆ ಮಾತ್ರ ‘ಮೊಳೆತಿದೆ’ ಎಂದು ಮೊದಲೇ ಬರೆದಿಡಿ. ಇಲ್ಲವಾದರೆ ಎಣಿಸುವಾಗ ಮನಸ್ಸು ತನಗೆ ಬೇಕಾದ ಕಡೆಗೆ ವಾಲುತ್ತದೆ. ಊಹೆಯನ್ನೂ ದಿನಾಂಕ ಹಾಕಿ ಅಲ್ಲೇ ಬರೆಯಿರಿ.

ದ್ರಾವಣಕ್ಕೊಂದು ಸುಲಭ ದಾರಿ: ಅಡುಗೆಮನೆಯ ತಕ್ಕಡಿಯಲ್ಲಿ 1 ಗ್ರಾಂ ಉಪ್ಪು ತೂಗಲು ಹೋಗಬೇಡಿ, ಅಷ್ಟು ಸೂಕ್ಷ್ಮ ಅದಕ್ಕಿಲ್ಲ. 20 ಗ್ರಾಂ ಉಪ್ಪಿಗೆ ನೀರು ಬೆರೆಸಿ ಒಟ್ಟು 1 ಲೀಟರ್ ಮಾಡಿದರೆ ಶೇ 2ರ ದ್ರಾವಣ. ಅದರಲ್ಲಿ ಅರ್ಧ ಲೀಟರಿಗೆ ಅಷ್ಟೇ ನೀರು ಸೇರಿಸಿದರೆ ಶೇ 1, ಅದನ್ನೂ ಹಾಗೆಯೇ ಮಾಡಿದರೆ ಶೇ 0.5. ತೂಕ ಒಂದೇ ಸಲ.

ಬಟ್ಟಲಿನ ಗೋಜಲು

ಪ್ರತಿ ದ್ರಾವಣಕ್ಕೆ ಒಂದು ಬಟ್ಟಲು, ಅದರಲ್ಲಿ 60 ಕಾಳು. ಅರವತ್ತು ಸಲ ಪರೀಕ್ಷಿಸಿದಂತಾಯಿತಲ್ಲ ಎನಿಸುತ್ತದೆ. ಆಗುವುದಿಲ್ಲ! ಆ ಬಟ್ಟಲಿಗೆ ಬೂಷ್ಟು ಹಿಡಿದರೆ, ಬಟ್ಟೆ ಒಣಗಿದರೆ, ಕಿಟಕಿಯ ಬಿಸಿಲು ಬಿದ್ದರೆ ಅರವತ್ತೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ. ಮೊಳಕೆ ಕಡಿಮೆಯಾದದ್ದು ಉಪ್ಪಿನಿಂದಲೋ ಆ ಬಟ್ಟಲಿನ ಗ್ರಹಚಾರದಿಂದಲೋ ಹೇಳಲಾಗದು. ಉಪ್ಪು ಹಾಕಿದ್ದು ಬಟ್ಟಲಿಗೆ. ಹಾಗಾಗಿ ಲೆಕ್ಕಕ್ಕೆ ಬರುವುದೂ ಬಟ್ಟಲೇ.

ಆದ್ದರಿಂದ ಅದೇ 60 ಕಾಳನ್ನು ಇಪ್ಪತ್ತರಂತೆ ಮೂರು ಬಟ್ಟಲಿಗೆ ಹಂಚಿ. ನಾಲ್ಕು ಬಗೆಯ ನೀರು (ಉಪ್ಪಿಲ್ಲದ್ದೂ ಸೇರಿ), ಹನ್ನೆರಡು ಬಟ್ಟಲು, 240 ಕಾಳು. ಯಾವ ಬಟ್ಟಲು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಉಪ್ಪಿಲ್ಲದ ಮೂರನ್ನೂ ಒಂದೇ ಮೂಲೆಗೆ ಸಾಲಾಗಿ ಇಟ್ಟರೆ ಹಳೆಯ ಕಥೆಯೇ.

ಇದರ ಫಲ ಏನೆಂದು ಕಲ್ಪಿತ ಅಂಕಿಗಳಲ್ಲಿ ನೋಡಿ. ಬರಿ ನೀರಿನ ಬಟ್ಟಲುಗಳಲ್ಲಿ ಮೊಳೆತದ್ದು 19, 12, 17, ಶೇ 0.5ರಲ್ಲಿ 15, 11, 16. ಸರಾಸರಿ 16 ಮತ್ತು 14. ಸ್ತಂಭನಕ್ಷೆ ಬರೆದರೆ ಉಪ್ಪು ಕೆಡಿಸಿತು ಎಂದೇ ಕಾಣುತ್ತದೆ. ಆದರೆ ಬರಿ ನೀರಿನಲ್ಲೇ 12ರಿಂದ 19ರವರೆಗೆ ಏರಿಳಿತವಿದೆ; ಎರಡರ ಅಂತರ ಅದರೊಳಗೇ ಮುಳುಗಿಹೋಗುತ್ತದೆ. ಇಲ್ಲಿ ‘ಪರಿಣಾಮವಿದೆ ಎಂದು ಹೇಳಲಾಗದು’ ಎಂಬುದೇ ಸರಿಯಾದ ಫಲಿತಾಂಶ. ಅದೇ ಶೇ 2ರಲ್ಲಿ 3, 1, 4 ಬಂದರೆ ಧೈರ್ಯವಾಗಿ ಹೇಳಬಹುದು. ಅದಕ್ಕೇ ಸರಾಸರಿಯ ಸ್ತಂಭದ ಬದಲು ಬಟ್ಟಲಿಗೊಂದು ಚುಕ್ಕೆಯಿಡುವ ನಕ್ಷೆ ನನಗೆ ಮೆಚ್ಚು.

ಬಟ್ಟಲು ಆರುತ್ತಾ ಬಂದರೆ ಉಪ್ಪುನೀರು ಸೇರಿಸಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ; ಮತ್ತೆ ಉಪ್ಪುನೀರು ಹಾಕಿದರೆ ಶೇ 1 ಎಂದು ಬರೆದದ್ದು ಶೇ 1 ಆಗಿರುವುದಿಲ್ಲ. ಮೊದಲಿನ ತೂಕಕ್ಕೆ ಬರುವಷ್ಟು ಬರಿ ನೀರು ಸಾಕು.

ಮಂಡನೆ

ಫಲಕದ ನಡುವೆ ನಕ್ಷೆ, ಪಕ್ಕದಲ್ಲಿ ಪ್ರಶ್ನೆ, ಕೈಯಲ್ಲಿ ದಿನಚರಿ ಪುಸ್ತಕ. ಬಣ್ಣದ ಕಾಗದ ಕಡಿಮೆ ಇರಲಿ. ಬಟ್ಟಲುಗಳನ್ನು ಹೊತ್ತೊಯ್ದರೆ ಬಸ್ಸಿನಲ್ಲೇ ಚೆಲ್ಲುತ್ತವೆ, ಫೋಟೋ ಸಾಕು.

ತೀರ್ಪುಗಾರರು ಕೇಳಬಹುದಾದ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಮುಂಚೆಯೇ ಕೆಲಸ ಬೇಕು: ಉಪ್ಪು ಕಾಳಿಗೆ ವಿಷವಾಯಿತೋ, ಅಥವಾ ಕಾಳು ನೀರು ಹೀರದಂತೆ ತಡೆಯಿತೋ? ಹೊರಗಿನ ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಪರಾಸರಣದ (ಉಪ್ಪು ಹೆಚ್ಚಿರುವ ಕಡೆಗೆ ಪೊರೆಯ ಮೂಲಕ ನೀರು ಸರಿಯುವುದರ) ನಿಯಮದಂತೆ ಕಾಳಿನೊಳಗೆ ನೀರು ಹೋಗುವುದು ಕಷ್ಟ. ಜೊತೆಗೆ ಸೋಡಿಯಂ ಒಳಸೇರಿ ಜೀವಕೋಶಗಳಿಗೂ ಹಾನಿ ಮಾಡಬಲ್ಲದು. ಶೇ 2ರಲ್ಲಿ ಮೊಳೆಯದೆ ಉಳಿದ ಕಾಳುಗಳನ್ನು ತೊಳೆದು ಬರಿ ನೀರಿಗೆ ಹಾಕಿ ನೋಡಿ. ಮೊಳೆತರೆ ಮುಖ್ಯವಾಗಿ ನೀರಿನ ಕೊರತೆಯೇ ಕಾರಣವಾಗಿರಬೇಕು. ಮೊಳೆಯದಿದ್ದರೆ ಹಾನಿಯಾಗಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ, ಸಾಬೀತಾಗುವುದಿಲ್ಲ; ಮೂರು ದಿನ ನೆನೆದ ಕಾಳು ಕೊಳೆತೂ ಇರಬಹುದು.